ಏಳು ಮೆಟ್ಟಿಲುಗಳನ್ನು ಲೆಕ್ಕಕ್ಕೆ ಹಿಡಿಯದ ಸ್ಥಳಾಂತರ: ಒಂದು ಪ್ರಕರಣ ಅಧ್ಯಯನ

ಹಳೆಯ ಕಟ್ಟಡವೊಂದರಲ್ಲಿ ಮಕ್ಕಳಿಗಾಗಿ ಕೆಲಸ ಮಾಡುತ್ತಿದ್ದ ಸೇವಾ ಸಂಸ್ಥೆಯೊಂದರ ಜೊತೆ ನಾನು ಎರಡೂವರೆ ವರ್ಷ ಹೊರಗಿನ ಸಲಹೆಗಾರನಾಗಿ ಇದ್ದೆ. ಅಲ್ಲಿ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬಿಟ್ಟಿದ್ದೇನೆ ಅಥವಾ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ಅವುಗಳಲ್ಲಿ ದೊಡ್ಡದೊಂದು ನನ್ನದೇ.

ಹಿನ್ನೆಲೆ

ಸಂಸ್ಥೆಗೆ ನೂರು ವರ್ಷ ದಾಟಿದೆ. ದಾನಿಯೊಬ್ಬರು ತಾವು ವಾಸವಿದ್ದ ಎರಡಂತಸ್ತಿನ ಮನೆಯನ್ನು ಬರೆದುಕೊಟ್ಟಿದ್ದರು. ಕೆಳಗೆ ಕಚೇರಿ ಮತ್ತು ವಾಚನಾಲಯ. ಮೇಲೆ, ಎರಡು ಕೋಣೆಗಳ ನಡುವಿನ ಅಡ್ಡಗೋಡೆ ತೆಗೆದು ಮಾಡಿಕೊಂಡ ಸಭಾಂಗಣ. ಶಾಲೆ ಬಿಟ್ಟ ಮೇಲೆ ಅಲ್ಲಿ ಪಾಠ, ನೃತ್ಯ, ನಾಟಕದ ತಾಲೀಮು, ಟೇಬಲ್ ಟೆನಿಸ್. ಹಾಜರಿ ಪುಸ್ತಕದಲ್ಲಿ ಹನ್ನೆರಡರಿಂದ ಹದಿನೆಂಟು ವಯಸ್ಸಿನ ಸುಮಾರು 90 ಹೆಸರುಗಳು. ಖರ್ಚು ನಡೆಯುತ್ತಿದ್ದುದು ಇಡುಗಂಟಿನ ಬಡ್ಡಿ ಮತ್ತು ಹಳೆಯ ವಿದ್ಯಾರ್ಥಿಗಳ ದೇಣಿಗೆಯಿಂದ.

ಕಟ್ಟಡ ಸುಂದರವಾಗಿತ್ತು. ಎತ್ತರದ ಮಾಡು, ದಪ್ಪ ಇಟ್ಟಿಗೆ ಗೋಡೆ, ಮುಂಬಾಗಿಲಿಗೆ ಏಳು ಅಗಲವಾದ ಕಲ್ಲಿನ ಮೆಟ್ಟಿಲು. ಸಂಸ್ಥೆಯ ಪತ್ರಗಳ ತಲೆಬರಹದಲ್ಲಿ ಅದರದೇ ರೇಖಾಚಿತ್ರ. ಹಳಬರು ‘ಸಂಸ್ಥೆಗೆ ಹೋಗಿಬರುತ್ತೇನೆ’ ಎಂದರೆ ಕಟ್ಟಡಕ್ಕೆ ಹೋಗಿಬರುತ್ತೇನೆ ಎಂದೇ ಅರ್ಥ. ಮುಂದಿನ ಜಗಳಗಳಲ್ಲಿ ಅರ್ಧದಷ್ಟು ಈ ಒಂದು ಮಾತಿನೊಳಗೇ ಅಡಗಿದ್ದವು.

ಗಾರೆಯ ಚೂರು

ಒಂದು ಸಂಜೆ ಮೇಲೆ ನೃತ್ಯದ ತರಗತಿ ನಡೆಯುತ್ತಿತ್ತು. ಕೆಳಗೆ ವಾಚನಾಲಯದ ಮೇಜಿನ ಮೇಲೆ, ತೆರೆದಿಟ್ಟಿದ್ದ ರಿಜಿಸ್ಟರಿನ ಪುಟದ ಮೇಲೆಯೇ, ಅಂಗೈ ಅಗಲದ ಗಾರೆಯ ಚೂರು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಗ್ರಂಥಪಾಲಕರು ಚೂರನ್ನು ಎತ್ತಿ ಬದಿಗಿಟ್ಟು, ಪುಟ ಒರೆಸಿ, ಬರೆಯುತ್ತಿದ್ದ ಸಾಲನ್ನು ಮುಗಿಸಿದರಂತೆ. ಮರುದಿನ ಅಧ್ಯಕ್ಷರು ಎಂಜಿನಿಯರ್ ಒಬ್ಬರನ್ನು ಕರೆಸಿದರು.

ಎಂಜಿನಿಯರ್ ಬಂದವರೇ ಬಿರುಕುಗಳನ್ನು ನೋಡಲಿಲ್ಲ. ಏಣಿ ಹತ್ತಿ, ಗೋಡೆಯೊಳಗೆ ಸೇರಿಕೊಂಡಿದ್ದ ಜಂತೆಗಳ ತುದಿಗೆ ದಬ್ಬಳದಂಥ ಉಪಕರಣವೊಂದನ್ನು ಚುಚ್ಚಿ ನೋಡಿದರು. ನಡುಭಾಗದಲ್ಲಿ ಅದು ತುದಿಯಷ್ಟೂ ಇಳಿಯಲಿಲ್ಲ. ಗೋಡೆಯ ಬದಿಯಲ್ಲಿ, ಐದು ಜಂತೆಗಳಲ್ಲಿ, ಹಿಡಿಕೆಯವರೆಗೆ ಇಳಿಯಿತು.

ಕಾರಣ ಹಳೆಯದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ಮಳೆಯ ತೇವವನ್ನು ಹೀರಿಕೊಳ್ಳುತ್ತದೆ, ಬಿಸಿಲು ಬಂದಾಗ ಹೊರಕ್ಕೆ ಬಿಟ್ಟುಕೊಡುತ್ತದೆ. ಇಪ್ಪತ್ತು ವರ್ಷಗಳ ಹಿಂದೆ ‘ಗಟ್ಟಿಮುಟ್ಟಾಗಲಿ’ ಎಂದು ಹೊರಗೋಡೆಗೆ ಸಿಮೆಂಟ್ ಬಳಿದಿದ್ದರು. ಸಿಮೆಂಟಿನ ಸಣ್ಣ ಸೀಳುಗಳಿಂದ ನೀರು ಒಳಗೆ ಹೋಯಿತು, ವಾಪಸು ಬರಲು ದಾರಿ ಇರಲಿಲ್ಲ. ಸದಾ ಒದ್ದೆಯಾಗಿದ್ದ ಗೋಡೆಯೊಳಗೆ ಮರದ ತುದಿಗಳು ಕೊಳೆಯುತ್ತ ಬಂದವು. ಆ ದುರಸ್ತಿ ಮಾಡಿಸಿದ್ದ ಖಜಾಂಚಿ ಇನ್ನೂ ಮಂಡಳಿಯಲ್ಲೇ ಇದ್ದರು. ಸಭೆಯಲ್ಲಿ ಎಂಜಿನಿಯರ್ ಇದನ್ನು ವಿವರಿಸುವಾಗ ಯಾರೂ ಅವರತ್ತ ನೋಡಲಿಲ್ಲ. ಹಾಗೆ ನೋಡದೇ ಇದ್ದುದೇ ಎಲ್ಲರ ಕಣ್ಣಿಗೆ ಬೀಳುವಂತಿತ್ತು.

ಇದಕ್ಕಿಂತ ಭಾರವಾದ ಮಾತು ಆಮೇಲೆ ಬಂತು. ವಾಸದ ಕೋಣೆಯ ನೆಲವನ್ನು ವಿನ್ಯಾಸ ಮಾಡುವಾಗ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿಯುವುದು ವಾಡಿಕೆ. ಜನ ಗುಂಪಾಗಿ ಸೇರುವ ಸಭಾಂಗಣಕ್ಕೆ 400ರಿಂದ 500 ಕಿಲೋ ಹಿಡಿಯುತ್ತಾರೆ. ಎಲ್ಲರೂ ಒಂದೇ ತಾಳಕ್ಕೆ ಕುಣಿದರೆ ನೆಲಕ್ಕೆ ಬೀಳುವ ಪೆಟ್ಟು ನಿಂತ ಭಾರಕ್ಕಿಂತ ಹೆಚ್ಚು. ಅಂದರೆ ಜಂತೆಗಳು ಹೊಸದಾಗಿದ್ದಾಗಲೂ ಆ ಮಹಡಿ ನೃತ್ಯದ ತರಗತಿಗೆ ತಕ್ಕದ್ದಾಗಿರಲಿಲ್ಲ. ದಶಕಗಳ ಕಾಲ ಏನೂ ಆಗದೇ ಇದ್ದುದು ಮನೆ ಕಟ್ಟಿದ ಬಡಗಿಗಳ ಧಾರಾಳತನದಿಂದ. ಅಂದು ಸಂಜೆಯೇ ಮಹಡಿಗೆ ಬೀಗ ಬಿತ್ತು.

ಓದದ ದಾನಪತ್ರ

ಎಲ್ಲವನ್ನೂ ಸರಿಮಾಡಲು ಬೇಕಾದ ಹಣ ಸಂಸ್ಥೆಯ ಆರು ವರ್ಷದ ಆದಾಯಕ್ಕೆ ಸಮ. ಮಂಡಳಿ ಎರಡು ಬಣವಾಯಿತು. ಮಾರಿ, ಬಂದ ಹಣದಲ್ಲಿ ಹೊಸ ಜಾಗ ಕೊಳ್ಳೋಣ ಎಂದು ಕಿರಿಯರು. ದಾನಿಯ ಮನೆಯನ್ನು ಬೇರೆಯವರ ಕೈಗೆ ಕೊಡುವಂತೆಯೇ ಇಲ್ಲ, ದಾನಪತ್ರದಲ್ಲಿ ಹಾಗೆಂದು ಬರೆದಿದೆ ಎಂದು ಹಿರಿಯರು. ಮೂರು ಸಭೆಗಳು ಇದರಲ್ಲೇ ಕಳೆದವು.

ಮೂರನೆಯ ಸಭೆಯಲ್ಲಿ ನಾನು ದಾನಪತ್ರವನ್ನು ತೋರಿಸಿ ಎಂದೆ. ಕಪಾಟಿನಿಂದ ಬಂದದ್ದು ನಕಲಿನ ನಕಲು, ಅದರಲ್ಲೂ ಒಂದು ಹಾಳೆ ಇಲ್ಲ. ಕೋಣೆಯಲ್ಲಿದ್ದ ಹನ್ನೊಂದು ಜನರಲ್ಲಿ ಮೂಲವನ್ನು ಓದಿದವರು ಒಬ್ಬರೂ ಇರಲಿಲ್ಲ. ನೋಂದಣಿ ಕಚೇರಿಯಿಂದ ದೃಢೀಕೃತ ಪ್ರತಿ ಬರಲು ಐದು ವಾರ ಹಿಡಿಯಿತು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಮೊದಲ ತಿರುವು ಇದೇ. ಎರಡೂ ಬಣಗಳು ತಪ್ಪಾಗಿದ್ದವು. ಆಸ್ತಿ ಕೊಟ್ಟದ್ದು ಸುತ್ತಲಿನ ಎಳೆಯರ ವಿದ್ಯೆ ಮತ್ತು ಆಟಪಾಠಕ್ಕಾಗಿ. ಭಾಗಗಳನ್ನು ಬಾಡಿಗೆಗೆ ಕೊಡಬಹುದು, ಬಾಡಿಗೆಯ ಹಣ ಅದೇ ಉದ್ದೇಶಕ್ಕೆ ಹೋಗಬೇಕು ಎಂದು ಕಳೆದುಹೋಗಿದ್ದ ಹಾಳೆಯಲ್ಲೇ ಇತ್ತು. ಮಾರಾಟದ ಮಾತೇ ಅದರಲ್ಲಿರಲಿಲ್ಲ.

ಪತ್ರದಲ್ಲಿ ಮಾತಿಲ್ಲ ಎಂದ ಮಾತ್ರಕ್ಕೆ ಮಾರಾಟಕ್ಕೆ ದಾರಿ ಸಲೀಸಾಗುವುದಿಲ್ಲ. ಒಂದು ಉದ್ದೇಶಕ್ಕೆಂದು ಕೊಟ್ಟ ಆಸ್ತಿಯನ್ನು ಟ್ರಸ್ಟಿಗಳು ತಮಗೆ ತೋಚಿದಂತೆ ತಿರುಗಿಸುವಂತಿಲ್ಲ. ಇಂಗ್ಲಿಷ್ ಕಾನೂನು ಪರಂಪರೆಯ ದೇಶಗಳಲ್ಲಿ ‘ಸೈ-ಪ್ರೆ’ ಎಂಬ ತತ್ವವಿದೆ. ಹಳೆಯ ಫ್ರೆಂಚ್‌ನಿಂದ ಬಂದ ಮಾತು. ಮೂಲ ಉದ್ದೇಶ ಈಡೇರಿಸಲು ಸಾಧ್ಯವೇ ಇಲ್ಲದಾಗ, ಅದಕ್ಕೆ ಆದಷ್ಟು ಹತ್ತಿರದ ಇನ್ನೊಂದು ಉದ್ದೇಶಕ್ಕೆ ಆಸ್ತಿಯನ್ನು ಬಳಸಲು ನ್ಯಾಯಾಲಯವೋ ನಿಯಂತ್ರಕ ಸಂಸ್ಥೆಯೋ ಒಪ್ಪಿಗೆ ಕೊಡಬಹುದು. ನಮ್ಮಲ್ಲಿ ಉದ್ದೇಶ ಜೀವಂತವಾಗಿಯೇ ಇತ್ತು. ಕೊಳೆತದ್ದು ಐದು ಜಂತೆಗಳ ತುದಿ. ಇದು ಗೊತ್ತಾದ ಮೇಲೆ ಮಾರುವ ಮಾತು ತಾನಾಗಿಯೇ ತಣ್ಣಗಾಯಿತು.

ಉಳಿದ ದಾರಿ ಒಂದೇ. ಮಹಡಿಯನ್ನು ಹಗುರವಾದ ಬಳಕೆಗೆ, ಅಂದರೆ ಸಣ್ಣ ಕಚೇರಿ ಕೋಣೆಗಳಾಗಿ, ಬಾಡಿಗೆಗೆ ಕೊಡುವುದು. ಕುಣಿತ, ಓಟ, ಚೆಂಡು ಎಲ್ಲವನ್ನೂ ಬೇರೆಡೆ ನೆಲದ ಮೇಲೆಯೇ ಇರುವ ಜಾಗವೊಂದಕ್ಕೆ ಸಾಗಿಸುವುದು. ವಾಚನಾಲಯ ಇದ್ದಲ್ಲೇ ಇರುವುದು. ದುರಸ್ತಿಗೆ ಇಡುಗಂಟಿನಿಂದ ಒಂದು ಭಾಗವನ್ನು, ತೀರಿಸುವ ವೇಳಾಪಟ್ಟಿಯ ಸಮೇತ, ಸಾಲವಾಗಿ ತೆಗೆಯುವುದು.

ನಡುವೆ ಒಂದು ಆಮಿಷವೂ ಬಂತು. ತರಬೇತಿ ಕಂಪನಿಯೊಂದು ಇಡೀ ಕಟ್ಟಡವನ್ನು ದೀರ್ಘಾವಧಿಗೆ ಕೇಳಿತು. ಬಾಡಿಗೆ ನಾವು ಎಣಿಸಿದ್ದಕ್ಕಿಂತ ಹೆಚ್ಚು. ಷರತ್ತು: ಮುಂಭಾಗದ ಪಡಸಾಲೆಯನ್ನು ಅಡ್ಡಗೋಡೆ ಕಟ್ಟಿ ನಾಲ್ಕಾಗಿ ಒಡೆಯಬೇಕು, ಎತ್ತರದ ಮಾಡಿನ ಕೆಳಗೆ ಹುಸಿ ಛಾವಣಿ ಹಾಕಬೇಕು, ವಾಚನಾಲಯವನ್ನು ತೆರವು ಮಾಡಬೇಕು. ವಾಸ್ತುಶಿಲ್ಪಿ, ಸ್ಮಾರಕಗಳ ಸಂರಕ್ಷಣೆಗಾಗಿ ರೂಪಿಸಿದ ಅಂತರರಾಷ್ಟ್ರೀಯ ದಾಖಲೆಯಾದ 1964ರ ವೆನಿಸ್ ಸನ್ನದಿನ ಐದನೆಯ ವಿಧಿಯನ್ನು ಮಂಡಳಿಯ ಮುಂದಿಟ್ಟರು. ಸಮಾಜಕ್ಕೆ ಉಪಯೋಗವಾಗುವ ಕೆಲಸಕ್ಕೆ ಹಚ್ಚಿದರೆ ಸ್ಮಾರಕಗಳ ಉಳಿವಿಗೆ ಅನುಕೂಲ, ಆದರೆ ಆ ಬಳಕೆ ಕಟ್ಟಡದ ವಿನ್ಯಾಸವನ್ನಾಗಲಿ ಅಲಂಕಾರವನ್ನಾಗಲಿ ಬದಲಿಸಕೂಡದು ಎಂಬುದು ಅದರ ಸಾರ. ಸನ್ನದು ನಮ್ಮ ಕೈ ಕಟ್ಟುವ ಕಾನೂನೇನೂ ಅಲ್ಲ. ಖಜಾಂಚಿ ಎರಡು ಸಲ ಓದಿಸಿ ಕೇಳಿದರು. ಕಂಪನಿಗೆ ಬೇಡವೆಂದು ಮೊದಲು ಹೇಳಿದವರು ಅವರೇ. “ಒಮ್ಮೆ ಗಟ್ಟಿ ಮಾಡಲು ಹೋಗಿ ಕೆಡಿಸಿದ್ದೇನೆ” ಎಂದರು. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬಣ್ಣ ಕೇಳಿದ ಸಭೆ

ಹೊಸ ಜಾಗವನ್ನು ಹುಡುಕಿದವನು ನಾನು. ಮಕ್ಕಳ ಮನೆಗಳನ್ನು ನಕ್ಷೆಯ ಮೇಲೆ ಗುರುತು ಮಾಡಿ, ಪ್ರತಿಯೊಂದರಿಂದಲೂ ನಡೆಯುವ ದೂರವನ್ನು ಅಳೆದು, ಅದರ ಸರಾಸರಿ ಅತಿ ಕಡಿಮೆ ಬರುವ ಕಡೆ ನೆಲ ಅಂತಸ್ತಿನ ದೊಡ್ಡ ಕೋಣೆಯೊಂದನ್ನು ಆರಿಸಿದೆ. ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಅದು ಹಳೆಯ ಕಟ್ಟಡಕ್ಕಿಂತ ಹತ್ತಿರ. ಆ ನಕ್ಷೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಕರಾರಿಗೆ ಸಹಿಯಾದ ಮೇಲೆ ಮಕ್ಕಳ ಸಭೆ ಕರೆದೆವು. ಗೋಡೆಗೆ ಯಾವ ಬಣ್ಣ, ಕೋಣೆಗೆ ಯಾವ ಹೆಸರು ಎಂದು ಚೀಟಿಗಳಲ್ಲಿ ಬರೆಯಲು ಹೇಳಿದೆವು. ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಹದಿನೈದರ ಆಸುಪಾಸಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಬಣ್ಣ ಕೇಳುತ್ತಿದ್ದೀರಿ. ಹೋಗಬೇಕೋ ಬೇಡವೋ ಅಂತ ಕೇಳಲಿಲ್ಲವಲ್ಲ, ಸರ್?” ಅಧ್ಯಕ್ಷರು ಜಂತೆಗಳ ಅಪಾಯವನ್ನು ಸಮಾಧಾನದಿಂದಲೇ ವಿವರಿಸಿದರು. ಹೇಳಿದ್ದೆಲ್ಲ ನಿಜ. ಅವಳು ಕೇಳಿದ್ದಕ್ಕೆ ಮಾತ್ರ ಅದು ಉತ್ತರವಾಗಿರಲಿಲ್ಲ. ಅವಳು ಕುಳಿತುಕೊಂಡು ಚೀಟಿಯಲ್ಲಿ ‘ಯಾವುದಾದರೂ’ ಎಂದು ಬರೆದಳು. ಆ ಚೀಟಿ ಇನ್ನೂ ನನ್ನ ಕಡತದಲ್ಲಿದೆ.

ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಚಿತ್ರಿಸಿದರು. ಕೆಳಗಿನ ಮೂರು ಮೆಟ್ಟಿಲುಗಳನ್ನು ಪಾಲ್ಗೊಳ್ಳುವಿಕೆ ಎಂದೇ ಅವರು ಎಣಿಸಲಿಲ್ಲ: ಮಕ್ಕಳನ್ನು ಕೈಗೊಂಬೆಗಳಂತೆ ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಕೇಳುವುದು. ಈ ಏಣಿಯನ್ನು ನಾನು ಎಷ್ಟೋ ತರಬೇತಿಗಳಲ್ಲಿ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ. ಅಂದು ಮೂರನೆಯ ಮೆಟ್ಟಿಲಿನ ಮೇಲೆ ನಿಂತು ಚೀಟಿ ಹಂಚುತ್ತಿದ್ದವನೂ ನಾನೇ.

ಖಾಲಿಯಾಗುತ್ತ ಹೋದ ಕೋಣೆ

ಮೊದಲ ತಿಂಗಳು ಎಲ್ಲರೂ ಬಂದರು. ಮೂರನೆಯ ತಿಂಗಳ ಕೊನೆಗೆ ಬರುವವರು 40ರ ಸುತ್ತ. ದೂರದ ಸಮಸ್ಯೆ ಇರಬಹುದು, ವಾಹನ ಗೊತ್ತು ಮಾಡೋಣ ಎಂದಿತು ಮಂಡಳಿ. ಶಿಕ್ಷಕರ ಗುಣಮಟ್ಟ ನೋಡಬೇಕು ಎಂದು ಇನ್ನೊಬ್ಬರು. ನಾನು ನಕ್ಷೆ ತೆಗೆದು, ದೂರ ಕಾರಣವಾಗಿರಲು ಸಾಧ್ಯವೇ ಇಲ್ಲ ಎಂದು ವಾದಿಸಿದೆ. ಅಷ್ಟು ಮಟ್ಟಿಗೆ ಸರಿಯಾಗಿಯೂ ಇದ್ದೆ. ಆದರೆ ಸರಿಯಾದ ಆ ಮಾತು ಯಾವ ಕೆಲಸಕ್ಕೂ ಬರಲಿಲ್ಲ.

ದಾರಿ ತೋರಿಸಿದ್ದು ಹಾಜರಿ ಪುಸ್ತಕ ಬರೆಯುತ್ತಿದ್ದ ಸ್ವಯಂಸೇವಕಿ. ತಿಂಗಳ ಒಟ್ಟು ಲೆಕ್ಕವನ್ನು ಬದಿಗಿಟ್ಟು ಒಂದೊಂದು ಹೆಸರನ್ನೂ ಹಿಂದಿನ ವರ್ಷದ ಪುಸ್ತಕದ ಜೊತೆ ಹೋಲಿಸಿ ನೋಡಿದರು. ನೃತ್ಯ, ನಾಟಕಗಳಿಗೆ ನಿಯಮಿತವಾಗಿ ಬರುತ್ತಿದ್ದವರು ಹೆಚ್ಚೂಕಡಿಮೆ ಹಾಗೆಯೇ ಇದ್ದರು. ಮಾಯವಾಗಿದ್ದವರು ಯಾವ ತರಗತಿಗೂ ಸರಿಯಾಗಿ ಸೇರದೆ ‘ಸುಮ್ಮನೆ’ ಬರುತ್ತಿದ್ದವರು. ಅಕ್ಕನ ಜೊತೆ ಬರುತ್ತಿದ್ದ ತಮ್ಮ, ಗೆಳತಿಗಾಗಿ ಕಾಯುತ್ತಿದ್ದ ಗೆಳತಿ, ತನ್ನ ಸರದಿ ಬರಲಿ ಬಾರದಿರಲಿ ಟೇಬಲ್ ಟೆನಿಸ್ ಅಂಕ ಎಣಿಸುತ್ತಿದ್ದ ಹುಡುಗ. ತಮ್ಮ ಬಾರದೇ ಹೋದಾಗ ಅಕ್ಕನನ್ನೂ ಮನೆಯವರು ಕಳುಹಿಸುವುದನ್ನು ಬಿಟ್ಟಿದ್ದರು. ಹದಿನಾಲ್ಕರಿಂದ ಹದಿನಾರರ ಹುಡುಗಿಯರ ಸಂಖ್ಯೆ ಹೆಚ್ಚಾಗಿ ಕುಸಿದದ್ದು ಹೀಗೆ.

ಆಮೇಲೆ ಆಕೆ ಒಂದು ವಾರ ಸಂಜೆ ಹೊಸ ಜಾಗದ ಎದುರಿನ ರಸ್ತೆಯಲ್ಲಿ ನಿಂತು ನೋಡಿದರು. ಬಾಗಿಲು ತೆರೆಯುತ್ತಿದ್ದುದು ತರಗತಿಗೆ ಐದು ನಿಮಿಷ ಮೊದಲು. ಮುಗಿದ ಕೂಡಲೇ ಮುಂದಿನ ತಂಡಕ್ಕಾಗಿ ಕೋಣೆ ತೆರವು. ಬಾಗಿಲ ಮುಂದೆ ನಿಂತರೆ ಕಾವಲುಗಾರ ಬಂದು, ಇದು ದಾರಿ, ಮುಂದೆ ಹೋಗಿ ಎನ್ನುತ್ತಿದ್ದ. ಅವನ ತಪ್ಪೇನೂ ಇರಲಿಲ್ಲ, ದಾರಿ ಬಿಡಿಸಿಡುವುದೇ ಅವನ ಕೆಲಸ. ಟೇಬಲ್ ಟೆನಿಸ್ ಮೇಜೂ ಅಲ್ಲಿತ್ತು. 2.74 ಮೀಟರಿನ ಮೇಜು ಕೋಣೆಯೊಳಗೆ ಹಿಡಿಸಿತ್ತು. ಹೊಡೆದ ಚೆಂಡಿಗೆ ಎರಡು ಹೆಜ್ಜೆ ಹಿಂದೆ ಸರಿಯಲು ಗೋಡೆ ಬಿಡುತ್ತಿರಲಿಲ್ಲ. ನೋಡುವವರು ನಿಲ್ಲಲಂತೂ ಜಾಗವೇ ಇರಲಿಲ್ಲ.

ಹಳೆಯ ಕಟ್ಟಡದಲ್ಲಿ ಇವರೆಲ್ಲ ಎಲ್ಲಿರುತ್ತಿದ್ದರು ಎಂದು ಕೇಳಿದಾಗ ಆಕೆ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು. ಏಳು ಮೆಟ್ಟಿಲುಗಳು. ನಡುಭಾಗ ಹತ್ತಿ ಇಳಿದು ಸವೆದಿತ್ತು, ಅದು ಎಲ್ಲ ಹಳೆಯ ಮೆಟ್ಟಿಲುಗಳಲ್ಲೂ ಇರುವುದೇ. ಆದರೆ ಇಲ್ಲಿ ಮೂರನೆಯ ಮತ್ತು ನಾಲ್ಕನೆಯ ಮೆಟ್ಟಿಲುಗಳ ಎರಡು ಬದಿಗಳೂ, ಯಾರೂ ಕಾಲಿಡದ ಕಡೆ, ಕುಳಿತು ಕುಳಿತು ನುಣುಪಾಗಿ ಹೊಳೆಯುತ್ತಿದ್ದವು. ತರಗತಿಗೆ ಮುಕ್ಕಾಲು ಗಂಟೆ ಮೊದಲೇ ಬಂದು, ಮುಗಿದ ಮೇಲೂ ಕತ್ತಲಾಗುವವರೆಗೆ ಮಕ್ಕಳು ಅಲ್ಲಿ ಕೂರುತ್ತಿದ್ದರು. ವಾಚನಾಲಯದ ಕಿಟಕಿಯಿಂದ ಗ್ರಂಥಪಾಲಕರ ಕಣ್ಣು ಅವರ ಮೇಲಿರುತ್ತಿತ್ತು. ಮನೆಯವರಿಗೆ ಅದು ಗೊತ್ತಿತ್ತು. ಯೋಜನಾ ವರದಿಯಲ್ಲಿ ನಾವು ಹನ್ನೊಂದು ಚಟುವಟಿಕೆಗಳನ್ನು ಪಟ್ಟಿ ಮಾಡಿ ಹನ್ನೊಂದನ್ನೂ ಸಾಗಿಸಿದ್ದೆವು. ಪಟ್ಟಿಯಲ್ಲಿ ಇಲ್ಲದ ಹನ್ನೆರಡನೆಯದು ಮೆಟ್ಟಿಲ ಮೇಲೆಯೇ ಉಳಿದಿತ್ತು.

ತಿದ್ದಿಕೊಂಡದ್ದು

ವಾಹನದ ಪ್ರಸ್ತಾಪ ಬಿದ್ದುಹೋಯಿತು. ಆ ಹಣದಲ್ಲಿ ಒಂದು ಗಂಟೆ ಮೊದಲೇ ಬಾಗಿಲು ತೆರೆದು, ಕೊನೆಯ ತರಗತಿಯ ನಂತರ ಅರ್ಧ ಗಂಟೆ ತೆರೆದೇ ಇಡುವ ಏರ್ಪಾಡಾಯಿತು. ಆ ಹೊತ್ತಿನಲ್ಲಿ ಯಾವ ಕಾರ್ಯಕ್ರಮವನ್ನೂ ಇಡಬಾರದು ಎಂದು ನಿರ್ಣಯದಲ್ಲೇ ಬರೆದೆವು, ಏಕೆಂದರೆ ಖಾಲಿ ಸಮಯ ಕಂಡರೆ ಅದಕ್ಕೊಂದು ಕಾರ್ಯಾಗಾರ ತುಂಬುವ ಚಟ ನಮ್ಮಂಥವರಿಗೆ ಇದೆ. ಪಕ್ಕದ ಗೋಡೆಗೆ ಒರಗಿಸಿ ಎರಡು ಉದ್ದನೆಯ ಬೆಂಚು ಹಾಕಿಸಲು ಮಾಲೀಕರನ್ನು ಒಪ್ಪಿಸಬೇಕಾಯಿತು. ಅವರು ಒಪ್ಪಿದ್ದು ಮಂಡಳಿಯ ಪತ್ರಕ್ಕಲ್ಲ. ಇಬ್ಬರು ಹುಡುಗಿಯರು ಹೋಗಿ, ಎಷ್ಟು ಹೊತ್ತು ಕೂರುತ್ತೇವೆ, ಕಸ ಯಾರು ತೆಗೆಯುತ್ತಾರೆ ಎಂದು ಲೆಕ್ಕ ಒಪ್ಪಿಸಿದ ಮೇಲೆ. ಅವರಲ್ಲೊಬ್ಬಳು ‘ಯಾವುದಾದರೂ’ ಎಂದು ಬರೆದವಳು. ಕಾರ್ಯಕ್ರಮ ಸಮಿತಿಯಲ್ಲಿ ಮತದ ಹಕ್ಕಿರುವ ಎರಡು ಸ್ಥಾನಗಳನ್ನು ಮಕ್ಕಳಿಗೆ ಕೊಟ್ಟದ್ದು ಇದಾದ ನಂತರ. ಅದಕ್ಕೆ ಮೊದಲು ಕೊಡಬೇಕಿತ್ತು ಎನ್ನುವುದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಕೊಟ್ಟಿದ್ದರೂ ಮಹಡಿ ಮುಚ್ಚಲೇಬೇಕಿತ್ತು. ಆದರೆ ಕೂರುವುದೆಲ್ಲಿ ಎಂಬ ಪ್ರಶ್ನೆ ಮೊದಲ ಸಭೆಯಲ್ಲೇ ಬರುತ್ತಿತ್ತು.

ವರ್ಷದ ಕೊನೆಗೆ ಹಾಜರಿ 75ರ ಹತ್ತಿರ ಬಂತು. ಅಂಕ ಎಣಿಸುತ್ತಿದ್ದ ಹುಡುಗ ಬರಲಿಲ್ಲ. ಅವನ ಮನೆಗೆ ಎರಡು ಸಲ ಹೋದೆವು. ಅವನಿಗೆ ಅಷ್ಟರಲ್ಲಿ ಬೇರೆ ಸಂಜೆಗಳು ಸಿಕ್ಕಿದ್ದವು.

ಇತ್ತ ಕಟ್ಟಡ ತನ್ನದೇ ಗತಿಯಲ್ಲಿ ಸಾಗಿತ್ತು. ಸಿಮೆಂಟ್ ಕೆತ್ತಿ ತೆಗೆದ ಮೇಲೆ ಗೋಡೆ ಒಣಗಬೇಕು; ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ಕಸುಬಿನವರ ಸ್ಥೂಲ ಅಂದಾಜು. ಹೊಸ ಸುಣ್ಣದ ಗಾರೆಯೂ ಅವಸರಕ್ಕೆ ಒಗ್ಗುವುದಿಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಅದು ಮತ್ತೆ ಸುಣ್ಣಕಲ್ಲಿನ ಗುಣಕ್ಕೆ ಮರಳಬೇಕು. ಮೊದಲ ಬಾಡಿಗೆದಾರರು ಕಾಯದೆ ಹಿಂದೆ ಸರಿದರು. ಸ್ವಲ್ಪ ಸಿಮೆಂಟ್ ಬೆರೆಸಿದರೆ ಬೇಗ ಗಟ್ಟಿಯಾಗುತ್ತದೆ ಎಂದು ಗುತ್ತಿಗೆದಾರರು ಸೂಚಿಸಿದಾಗ, ಖಜಾಂಚಿ ದಿನವೂ ಸಂಜೆ ಬಂದು ಗಾರೆ ಕಲಸುವ ಜಾಗದ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಕೊಳೆತ ಜಂತೆಗಳ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಬೆಸೆದರು. ಮಹಡಿಯ ಕೋಣೆಗಳನ್ನು ಬೇರ್ಪಡಿಸುವ ಮರದ ತಡಿಕೆಗಳು ತಮ್ಮ ಕಾಲ ಮೇಲೆ ತಾವೇ ನಿಲ್ಲುತ್ತವೆ, ಹಳೆಯ ಗೋಡೆಗೆ ಒಂದು ಮೊಳೆಯೂ ತಾಗಿಲ್ಲ. ನಾಳೆ ಬೇಡವೆಂದರೆ ಬಿಚ್ಚಿಡಬಹುದು.

ಕೆಲಸ ಮುಗಿದದ್ದು ಅಂದುಕೊಂಡದ್ದಕ್ಕಿಂತ ಏಳು ತಿಂಗಳು ತಡವಾಗಿ. ಬಾಡಿಗೆಯ ಹಣ ಹೊಸ ಜಾಗದ ಬಾಡಿಗೆಗೂ ಸಾಲದ ಕಂತಿಗೂ ಸಾಕಾಗುತ್ತದೆ. ಉಳಿತಾಯವಾಗುತ್ತದೆ ಎಂದು ನಾನು ಕೊಟ್ಟಿದ್ದ ಅಂದಾಜು ಸುಳ್ಳಾಯಿತು. ಇಂಥ ಲೆಕ್ಕ ಹಾಕುವವರಿಗೆ ಒಂದು ಮಾತು: ಗೋಡೆ ಒಣಗುವ ಕಾಲವನ್ನು ಬಾಡಿಗೆ ಬಾರದ ಕಾಲ ಎಂದು ಮೊದಲ ಹಾಳೆಯಲ್ಲೇ ಬರೆದಿಡಿ. ಆಗ ಮಂಡಳಿಗೆ ಸಿಮೆಂಟಿನ ನೆನಪು ಬರುವುದು ಕಡಿಮೆ.

ಮಹಡಿಯ ಬಾಡಿಗೆ ಕರಾರಿನಲ್ಲಿ ಒಂಬತ್ತನೆಯ ಷರತ್ತು ಮಕ್ಕಳ ಪ್ರತಿನಿಧಿಗಳು ಸೇರಿಸಿದ್ದು. ಸಂಜೆ ಐದರಿಂದ ಮುಂಭಾಗದ ಮೆಟ್ಟಿಲುಗಳ ಎರಡು ಬದಿಗಳೂ ಕೂರುವವರಿಗೆ ಬಿಟ್ಟದ್ದು, ನಡುವಿನ ದಾರಿ ಬಾಡಿಗೆದಾರರದ್ದು. ಈಗ ವಾಚನಾಲಯಕ್ಕೆ ಬರುವ ಹತ್ತು ಹನ್ನೆರಡು ಮಕ್ಕಳು ಅಲ್ಲಿ ಕೂರುತ್ತಾರೆ. ಮುಂದಿನ ವರ್ಷ ಕರಾರು ನವೀಕರಣಕ್ಕೆ ಬರುತ್ತದೆ. ಒಂಬತ್ತನೆಯ ಷರತ್ತನ್ನು ಕೈಬಿಡಬೇಕು, ಗದ್ದಲವಾಗುತ್ತದೆ ಎಂದು ಬಾಡಿಗೆದಾರರು ಈಗಾಗಲೇ ಪತ್ರ ಬರೆದಿದ್ದಾರೆ. ಕಾರ್ಯಕ್ರಮ ಸಮಿತಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಅದು ಮೊದಲನೆಯದು.